ಕರಡಿ ದಾಳಿ ಮತ್ತು ಆತ್ಮರಕ್ಷಣೆಯ ಬಂದೂಕು

ಕರಡಿ ದಾಳಿಯಿಂದ ಆತ್ಮರಕ್ಷಣೆ ಎಂಬುದು ಕರಡಿ ಎದುರಾದಾಗ ಜೀವ ಉಳಿಸಿಕೊಳ್ಳಲು ಮನುಷ್ಯರು ಅನುಸರಿಸುವ ಕ್ರಮಗಳನ್ನು ಸೂಚಿಸುತ್ತದೆ. ಬಂದೂಕು ಮತ್ತು ಗುಂಡಿನ ಆಯ್ಕೆ ಇವುಗಳಲ್ಲಿ ಒಂದು. ಉತ್ತರ ಅಮೆರಿಕದಲ್ಲಿ ಇದು ಮುಖ್ಯವಾಗಿ ಶಸ್ತ್ರದ ಸಾಮರ್ಥ್ಯಕ್ಕೆ ಸಂಬಂಧಿಸಿದ ಚರ್ಚೆಯಾಗಿದೆ. ಭಾರತದಲ್ಲಿ ಕರಡಿಯು ಕಾನೂನಿನ ಅತ್ಯುನ್ನತ ರಕ್ಷಣೆ ಪಡೆದ ಪ್ರಾಣಿಯಾಗಿರುವುದರಿಂದಲೂ ದಾಳಿಗಳು ಬಹುತೇಕ ಕೆಲವೇ ಮೀಟರ್ ಅಂತರದಲ್ಲಿ ಹಠಾತ್ತನೆ ನಡೆಯುವುದರಿಂದಲೂ ಬಂದೂಕಿನ ಉಪಯೋಗ ಬಹಳ ಸೀಮಿತವಾಗಿದೆ. ಈ ಲೇಖನವು ಕರ್ನಾಟಕದ, ಅದರಲ್ಲೂ ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಒಣ ಬಯಲುಸೀಮೆಯ ಸಂದರ್ಭದಲ್ಲಿ ಈ ವಿಷಯವನ್ನು ವಿವರಿಸುತ್ತದೆ.

== ಭೌಗೋಳಿಕ ಹಿನ್ನೆಲೆ ==

ತುಂಗಭದ್ರಾ ಮತ್ತು ಕೃಷ್ಣಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿ ಗ್ರಾನೈಟ್ ಬಂಡೆಗಳ ಗುಡ್ಡಗಳು ಅಲ್ಲಲ್ಲಿ ಎದ್ದು ನಿಂತಿವೆ. ಲಿಂಗಸುಗೂರು, ಮುದಗಲ್ಲು ಮತ್ತು ಮಸ್ಕಿಯ ಗುಡ್ಡಗಳು ಇದೇ ಬಗೆಯವು. ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬಹುಪಾಲು ನೀರಾವರಿಗೆ ಒಳಪಟ್ಟಿದೆ. ಲಿಂಗಸುಗೂರು ಮತ್ತು ಮಸ್ಕಿ ಭಾಗಗಳಲ್ಲಿ ಕುರುಚಲು ಕಾಡು, ಹುಲ್ಲುಗಾವಲು ಮತ್ತು ಮಳೆಯಾಶ್ರಿತ ಹೊಲಗಳು ಬೆರೆತಿವೆ. ಲಿಂಗಸುಗೂರಿಗೆ ಹೊಂದಿಕೊಂಡಿರುವ ಕರಡಕಲ್ ಗ್ರಾಮವು ಪ್ರಾಚೀನ ಶಾಸನಗಳಲ್ಲಿ ‘ಕರಡಿಕಲ್ಲು’ ಎಂಬ ಹೆಸರಿನಿಂದ ಉಲ್ಲೇಖಗೊಂಡಿದೆ.

ಇಂತಹ ಬಂಡೆಗುಡ್ಡಗಳ ಸಂದು ಮತ್ತು ಗವಿಗಳು ಕರಡಿಗೆ ಹಗಲಿನ ತಂಪು ನೆಲೆಗಳಾಗಿವೆ. ತುಂಗಭದ್ರೆಯ ದಕ್ಷಿಣಕ್ಕೆ ಇರುವ ದರೋಜಿ ಕರಡಿಧಾಮವನ್ನು 1994ರಲ್ಲಿ ಘೋಷಿಸಲಾಯಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು ಕರಡಿಧಾಮವಿದೆ. ಆದರೆ ಕರಡಿಗಳು ಧಾಮಗಳ ಗಡಿಯೊಳಗೆ ಮಾತ್ರ ವಾಸಿಸುವುದಿಲ್ಲ. ಕಂದಾಯ ಭೂಮಿಯ ಗುಡ್ಡಗಳಲ್ಲಿ ಹಗಲು ಕಳೆದು, ರಾತ್ರಿ ಹೊಲ ಮತ್ತು ತೋಟಗಳಿಗೆ ಇಳಿಯುವುದು ಅವುಗಳ ಸಾಮಾನ್ಯ ದಿನಚರಿಯಾಗಿದೆ.

== ಕರಡಿಯ ಸ್ವಭಾವ ==

ಕರ್ನಾಟಕದಲ್ಲಿ ಕಂಡುಬರುವ ಏಕೈಕ ಕರಡಿ ಪ್ರಭೇದದ ವೈಜ್ಞಾನಿಕ ಹೆಸರು ‘ಮೆಲರ್ಸಸ್ ಅರ್ಸಿನಸ್’. ಗಂಡು ಕರಡಿ ಸುಮಾರು 80ರಿಂದ 145 ಕಿಲೋಗ್ರಾಂ ತೂಗುತ್ತದೆ. ಹೆಣ್ಣು ಅದಕ್ಕಿಂತ ಚಿಕ್ಕದು. ಗೆದ್ದಲು, ಇರುವೆ, ಜೇನು ಮತ್ತು ಹಣ್ಣುಗಳು ಇದರ ಮುಖ್ಯ ಆಹಾರ. ಬಾರೆ, ಕವಳೆ, ಸೀತಾಫಲ, ಈಚಲು ಹಣ್ಣುಗಳ ಜೊತೆಗೆ ಶೇಂಗಾ, ಮೆಕ್ಕೆಜೋಳ ಮುಂತಾದ ಬೆಳೆಗಳನ್ನೂ ತಿನ್ನುತ್ತದೆ. ಗೆದ್ದಲಿನ ಹುತ್ತ ಅಗೆಯಲು ಬೆಳೆದಿರುವ ಉದ್ದನೆಯ ಬಾಗಿದ ಉಗುರುಗಳೇ ದಾಳಿಯ ವೇಳೆ ಆಯುಧಗಳಾಗುತ್ತವೆ.

ಕರಡಿಯ ಘ್ರಾಣಶಕ್ತಿ ತೀಕ್ಷ್ಣವಾದದ್ದು. ದೃಷ್ಟಿ ಮತ್ತು ಶ್ರವಣ ಅಷ್ಟು ಚುರುಕಲ್ಲ. ಆಹಾರ ಅಗೆಯುವುದರಲ್ಲಿ ಮಗ್ನವಾಗಿದ್ದಾಗ ಅಥವಾ ಬಂಡೆಯ ನೆರಳಿನಲ್ಲಿ ನಿದ್ರಿಸುತ್ತಿರುವಾಗ, ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ಅರಿವಾಗದಿರಬಹುದು. ಹುಲಿ, ಚಿರತೆಗಳೊಂದಿಗೆ ಒಂದೇ ಕಾಡಿನಲ್ಲಿ ಬದುಕಿಕೊಂಡು ಬಂದಿರುವ ಈ ಪ್ರಾಣಿಯು ಹೀಗೆ ಬೆಚ್ಚಿದಾಗ ಓಡುವ ಬದಲು ಎದುರಿಗೆ ನುಗ್ಗುವುದುಂಟು. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ತಾಯಿ ಕರಡಿ ಇನ್ನಷ್ಟು ಅಪಾಯಕಾರಿ. ದಾಳಿಯ ಉದ್ದೇಶ ಬೇಟೆಯಲ್ಲ, ಸ್ವರಕ್ಷಣೆ. ಗಾಯಗಳು ಹೆಚ್ಚಾಗಿ ತಲೆ, ಮುಖ ಮತ್ತು ಕೈಗಳ ಮೇಲಾಗುತ್ತವೆ. ಕಣ್ಣು ಕಳೆದುಕೊಳ್ಳುವುದು, ದವಡೆ ಮುರಿಯುವುದು ಸಂಭವಿಸುತ್ತದೆ.

ನಸುಕಿನಲ್ಲಿ ಬಹಿರ್ದೆಸೆಗೆ ಹೋಗುವವರು, ಕುರಿ ಮತ್ತು ದನ ಕಾಯುವವರು, ಉರುವಲು ಅಥವಾ ಸೀತಾಫಲ ಸಂಗ್ರಹಿಸುವವರು ಹಾಗೂ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದಾಗ ನೀರು ಹಾಯಿಸಲು ಹೊಲಕ್ಕೆ ಹೋಗುವ ರೈತರು ಹೆಚ್ಚಿನ ಅಪಾಯದಲ್ಲಿರುತ್ತಾರೆ.

== ಕಾನೂನು ==

=== ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ===

ಕರಡಿಯು ಈ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ವಿಷವಿಕ್ಕುವುದು, ಉರುಳು ಹಾಕುವುದು ಮತ್ತು ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಈ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

ಆತ್ಮರಕ್ಷಣೆಗೆ ಸಂಬಂಧಿಸಿದಂತೆ 11ನೆಯ ಪ್ರಕರಣವು ಮುಖ್ಯವಾಗಿದೆ:

* ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ವನ್ಯಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ.
* ಆ ಸಮಯದಲ್ಲಿ ವ್ಯಕ್ತಿಯು ಇದೇ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದರೆ ಈ ರಕ್ಷಣೆ ದೊರೆಯುವುದಿಲ್ಲ. ಉದಾಹರಣೆಗೆ, ಅಕ್ರಮವಾಗಿ ಹಂದಿ ಬೇಟೆಗೆ ಹೋದವನು ಎದುರಾದ ಕರಡಿಯನ್ನು ಕೊಂದು ಆತ್ಮರಕ್ಷಣೆಯ ವಾದ ಹೂಡಲಾರ.
* ಹೀಗೆ ಸತ್ತ ಅಥವಾ ಗಾಯಗೊಂಡ ಪ್ರಾಣಿ ಸರ್ಕಾರದ ಸ್ವತ್ತಾಗುತ್ತದೆ.
* ಮಾನವ ಜೀವಕ್ಕೆ ಅಪಾಯಕಾರಿಯಾದ ಕರಡಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ನಮೂದಿಸಿ ಲಿಖಿತ ಆದೇಶ ನೀಡಬಹುದು. ಆದರೆ ಪ್ರಾಣಿಯನ್ನು ಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಮೊದಲು ಮನವರಿಕೆಯಾಗಿರಬೇಕು.

ಬೆಳೆ ಹಾನಿಯು ಕರಡಿಯನ್ನು ಕೊಲ್ಲಲು ಕಾನೂನುಸಮ್ಮತ ಕಾರಣವಲ್ಲ. ಹೊಲದಲ್ಲಿ ಶೇಂಗಾ ಕೀಳುತ್ತಿರುವ ಕರಡಿಗೆ ಗುಂಡು ಹಾರಿಸುವುದಕ್ಕೂ ಮೈಮೇಲೆ ಬಿದ್ದ ಕರಡಿಗೆ ಗುಂಡು ಹಾರಿಸುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ.

ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಯಾವುದೇ ಆಯುಧ ಒಯ್ಯುವುದು ನಿಷಿದ್ಧ. ಅಭಯಾರಣ್ಯದಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಹೊಸ ಶಸ್ತ್ರ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು.

=== ಶಸ್ತ್ರಾಸ್ತ್ರ ಕಾಯ್ದೆ, 1959 ===

ಬಂದೂಕು ಹೊಂದಲು ಪರವಾನಗಿ ಕಡ್ಡಾಯ. ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷಗಳ ಸೆರೆವಾಸ ವಿಧಿಸಬಹುದು. ಕಾಯ್ದೆಯ 13ನೆಯ ಪ್ರಕರಣವು ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೂ, ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಕನಿಷ್ಠ 20 ಅಂಗುಲ ಉದ್ದದ ನಯವಾದ ನಳಿಗೆಯ ಬಂದೂಕಿಗೂ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ 2 ಬಂದೂಕುಗಳನ್ನು ಮಾತ್ರ ಹೊಂದಬಹುದು. ಪರವಾನಗಿಯ ಅವಧಿ 5 ವರ್ಷ. ಚುನಾವಣೆಗಳ ಕಾಲದಲ್ಲಿ ಪರವಾನಗಿ ಹೊಂದಿದ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶಿಸುವುದು ರೂಢಿಯಲ್ಲಿದೆ.

ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ರಾಯಚೂರು ಸೇರಿದಂತೆ ರಾಜ್ಯದ ಇತರ ಜಿಲ್ಲೆಗಳ ರೈತರಿಗೆ ಇಂತಹ ಸಾಮೂಹಿಕ ವಿನಾಯಿತಿ ಇಲ್ಲ.

== ಬಂದೂಕು ಮತ್ತು ಗುಂಡಿನ ವಿಧಗಳು ==

ಗ್ರಾಮೀಣ ಪ್ರದೇಶದಲ್ಲಿ ಪರವಾನಗಿಯಡಿ ಸಾಮಾನ್ಯವಾಗಿ ಕಂಡುಬರುವ ಬಂದೂಕುಗಳು ಹೀಗಿವೆ:

; ಒಂಟಿ ನಳಿಗೆಯ ಮದ್ದು ತುಂಬುವ ಬಂದೂಕು
: ಪರವಾನಗಿ ಪತ್ರದಲ್ಲಿ ಇದನ್ನು ‘ಎಸ್‌ಬಿಎಂಎಲ್’ ಎಂದು ನಮೂದಿಸುತ್ತಾರೆ. ಮದ್ದು, ಗುಂಡುಗಳನ್ನು ನಳಿಗೆಯ ಬಾಯಿಯಿಂದ ತುಂಬಿ ಗಜದಿಂದ ಜಡಿಯಬೇಕು. ಒಂದು ಸಲ ಹಾರಿದ ನಂತರ ಮತ್ತೆ ತುಂಬಲು ಸಾಕಷ್ಟು ಸಮಯ ಬೇಕು. ತೇವದಲ್ಲಿ ಮದ್ದು ಹತ್ತದಿರಬಹುದು. ಸದ್ದಿನಿಂದ ಹಂದಿ, ಮಂಗಗಳನ್ನು ಬೆದರಿಸಲು ಇದು ಉಪಯುಕ್ತ; ನುಗ್ಗಿ ಬರುವ ಕರಡಿಯ ಎದುರು ಎರಡನೆಯ ಅವಕಾಶ ನೀಡುವುದಿಲ್ಲ.

; 12 ಬೋರ್ ತೋಟಾ ಬಂದೂಕು
: ಒಂಟಿ ಅಥವಾ ಜೋಡಿ ನಳಿಗೆಯದು. ಸುಮಾರು 18.5 ಮಿ.ಮೀ. ವ್ಯಾಸದ ನಯವಾದ ನಳಿಗೆ ಇದರ ಲಕ್ಷಣ. ಇದರ ಪರಿಣಾಮವು ತೋಟಾದೊಳಗಿನ ಗುಂಡನ್ನು ಅವಲಂಬಿಸಿದೆ. ಹಕ್ಕಿಗಳಿಗಾಗಿ ತಯಾರಿಸಿದ 6ನೆಯ ಸಂಖ್ಯೆಯ ಸಣ್ಣ ಚರೆಗಳು ಕರಡಿಯ ದಟ್ಟ ಕೂದಲು ಮತ್ತು ಸ್ನಾಯುಗಳನ್ನು ಆಳವಾಗಿ ಭೇದಿಸದೆ ಅದನ್ನು ಗಾಯಗೊಳಿಸಿ ಕೆರಳಿಸುತ್ತವೆ. ‘ಎಲ್.ಜಿ.’, ‘ಎಸ್.ಜಿ.’ ಎಂಬ ಸುಮಾರು 8–9 ಮಿ.ಮೀ. ವ್ಯಾಸದ ದಪ್ಪ ಚರೆಗಳು ಹತ್ತಿರದಲ್ಲಿ ಪರಿಣಾಮಕಾರಿ. ದೂರ ಹೆಚ್ಚಿದಂತೆ ಚದುರಿ ಶಕ್ತಿ ಕಳೆದುಕೊಳ್ಳುತ್ತವೆ. ಒಂದೇ ದೊಡ್ಡ ಗುಂಡಿರುವ ತೋಟಾ ಹೆಚ್ಚು ಆಳಕ್ಕೆ ಇಳಿಯುತ್ತದೆಯಾದರೂ ನಿಖರವಾದ ಗುರಿ ಬೇಕು.

; .315 ರೈಫಲ್
: ಸುಮಾರು 8 ಮಿ.ಮೀ. ಗುಂಡು ಬಳಸುವ ಈ ಬಂದೂಕನ್ನು ಭಾರತದ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ತಯಾರಿಸುತ್ತವೆ. ಕರಡಿಯನ್ನು ತಡೆಯುವ ಶಕ್ತಿ ಇದಕ್ಕಿದೆ. ಆದರೆ ಪ್ರತಿ ಸಲವೂ ಕೈಯಿಂದ ಬೋಲ್ಟ್ ಎಳೆದು ಗುಂಡು ಏರಿಸಬೇಕು. ಗುಂಡು ಬಹುದೂರ ಸಾಗುವುದರಿಂದ ಹೊಲ, ಹಟ್ಟಿಗಳ ನಡುವೆ ಇತರರಿಗೆ ಅಪಾಯವಿದೆ.

; .32 ರಿವಾಲ್ವರ್
: ಮನುಷ್ಯರಿಂದ ರಕ್ಷಣೆಗೆಂದು ಕೊಳ್ಳುವ ಸಣ್ಣ ಕೈಬಂದೂಕು. ಇದರ ಗುಂಡು ಹಗುರ, ವೇಗ ಕಡಿಮೆ. ಕರಡಿಯಂತಹ ಪ್ರಾಣಿಯನ್ನು ತಕ್ಷಣ ನಿಲ್ಲಿಸಲು ಸಾಲದು.

ಗುಂಡಿನ ಶಕ್ತಿಗಿಂತ ಮುಖ್ಯವಾದ ಮಿತಿ ಸಮಯದ್ದು. ಕರಡಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದರೂ 15 ಮೀಟರ್ ದೂರವನ್ನು 2 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಕ್ರಮಿಸುತ್ತದೆ. ಅಷ್ಟರೊಳಗೆ ಹೆಗಲ ಬಂದೂಕು ಇಳಿಸಿ, ಗುರಿ ಹಿಡಿದು, ಕುದುರೆ ಒತ್ತುವುದು ಅಭ್ಯಾಸವುಳ್ಳವರಿಗೂ ಕಷ್ಟ. ಜೋತಾಡುವ ಉದ್ದ ಕೂದಲು ಪ್ರಾಣಿಯ ನಿಜವಾದ ಮೈಕಟ್ಟನ್ನು ಮರೆಮಾಡುವುದರಿಂದ ಗುರಿ ತಪ್ಪುವ ಸಾಧ್ಯತೆಯೂ ಹೆಚ್ಚು. ಕರಡಿಯೂ ಮನುಷ್ಯನೂ ಒಂದಕ್ಕೊಂದು ಸಿಕ್ಕಿಕೊಂಡಿರುವಾಗ ಜೊತೆಗಾರರು ಹಾರಿಸುವ ಗುಂಡು ಸಂತ್ರಸ್ತನಿಗೇ ತಗಲಬಹುದು.

== ಇತಿಹಾಸದ ಒಂದು ಪ್ರಕರಣ ==

ಬೆಂಗಳೂರಿನ ಬೇಟೆಗಾರ ಮತ್ತು ಲೇಖಕ ಕೆನೆತ್ ಆಂಡರ್ಸನ್ ಅವರು 1957ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಅರಸೀಕೆರೆ ಭಾಗದಲ್ಲಿ ಹಲವರನ್ನು ಕೊಂದ ‘ಮೈಸೂರಿನ ಕರಡಿ’ಯ ವೃತ್ತಾಂತವನ್ನು ದಾಖಲಿಸಿದ್ದಾರೆ. ಆ ಕರಡಿಯನ್ನು ಆಂಡರ್ಸನ್ ಕೊನೆಗೆ ಗುಂಡಿಕ್ಕಿ ಕೊಂದರು. ಅವರು ಪಳಗಿದ ಬೇಟೆಗಾರರಾಗಿದ್ದು, ಪ್ರಬಲವಾದ ರೈಫಲ್ಲಿನೊಂದಿಗೆ ಕರಡಿಯನ್ನು ಅರಸಿಕೊಂಡು ಸಿದ್ಧರಾಗಿ ಹೋಗಿದ್ದರು. ಉರುವಲಿಗೆ ಹೋದವರ ಮೇಲೆ ಕರಡಿ ಹಠಾತ್ತನೆ ಎರಗುವ ಸನ್ನಿವೇಶವನ್ನು ಇದರೊಂದಿಗೆ ಹೋಲಿಸಲಾಗದು.

== ಇತರ ದೇಶಗಳೊಂದಿಗೆ ಹೋಲಿಕೆ ==

ಅಮೆರಿಕದ ಅಲಾಸ್ಕಾದಲ್ಲಿ ಕಂದು ಕರಡಿಗಳಿಂದ ರಕ್ಷಣೆಗೆ 12 ಬೋರಿನ ಒಂಟಿಗುಂಡಿನ ತೋಟಾ, ದೊಡ್ಡ ಬೋರಿನ ರೈಫಲ್ ಅಥವಾ .44 ಮ್ಯಾಗ್ನಮ್ ರಿವಾಲ್ವರ್ ಒಯ್ಯುವ ರೂಢಿಯಿದೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿನ 269 ಘಟನೆಗಳನ್ನು ಪರಿಶೀಲಿಸಿತು. ಬಂದೂಕನ್ನು ಬಳಸಿದ ಸಂದರ್ಭಗಳಿಗೂ, ಕೈಯಲ್ಲಿದ್ದರೂ ಬಳಸದ ಸಂದರ್ಭಗಳಿಗೂ ಗಾಯ ಮತ್ತು ಸಾವಿನ ಪರಿಣಾಮಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಇದೇ ತಂಡದ 2008ರ ಅಧ್ಯಯನದಲ್ಲಿ ಮೆಣಸಿನ ಸಾರದ ಸಿಂಪಡಕ (ಸ್ಪ್ರೇ) ಬಳಸಿದಾಗ ಕಂದು ಕರಡಿಗಳು ಶೇ. 92ರಷ್ಟು ಮತ್ತು ಅಮೆರಿಕದ ಕಪ್ಪು ಕರಡಿಗಳು ಶೇ. 90ರಷ್ಟು ಪ್ರಸಂಗಗಳಲ್ಲಿ ತಮ್ಮ ವರ್ತನೆಯನ್ನು ನಿಲ್ಲಿಸಿದವು. ಈ ಅಂಕಿಗಳು ಬೇರೆ ಪ್ರಭೇದದ ಕರಡಿಗಳಿಗೆ ಸಂಬಂಧಿಸಿದವು. ಆದರೂ ಬಂದೂಕು ಸುಲಭವಾಗಿ ಸಿಗುವ ನಾಡಿನಲ್ಲಿಯೂ ಅದು ಖಚಿತ ರಕ್ಷಣೆಯಲ್ಲ ಎಂಬುದನ್ನು ಅವು ತೋರಿಸುತ್ತವೆ.

== ಅಕ್ರಮ ಉಪಾಯಗಳು ==

ಪರವಾನಗಿ ದೊರೆಯದಿದ್ದಾಗ ಕೆಲವೆಡೆ ನಾಡಬಂದೂಕು, ತಂತಿಯ ಉರುಳು, ಸಿಡಿಮದ್ದಿನ ಉಂಡೆ ಅಥವಾ ಬೇಲಿಗೆ ನೇರ ವಿದ್ಯುತ್ ಹರಿಸುವ ವಿಧಾನಗಳನ್ನು ಬಳಸಲಾಗುತ್ತದೆ. ಇವೆಲ್ಲವೂ ಅಪರಾಧಗಳು. ಹಂದಿಗೆಂದು ಇಟ್ಟ ಉರುಳಿಗೆ ಕರಡಿ ಸಿಲುಕಬಹುದು. ಸಿಡಿಮದ್ದನ್ನು ಕಚ್ಚಿದ ದನಕರುಗಳ ದವಡೆ ಛಿದ್ರವಾಗುತ್ತದೆ. ವಿದ್ಯುತ್ ಬೇಲಿಗೆ ರೈತರೇ ಬಲಿಯಾಗುತ್ತಾರೆ. ಗಾಯಗೊಂಡು ತಪ್ಪಿಸಿಕೊಂಡ ಕರಡಿಯು ನಂತರ ಅದೇ ದಾರಿಯಲ್ಲಿ ಬರುವವರಿಗೆ ಹೆಚ್ಚಿನ ಅಪಾಯ ಒಡ್ಡುತ್ತದೆ.

== ಮುನ್ನೆಚ್ಚರಿಕೆಗಳು ==

ಹಠಾತ್ ಭೇಟಿಯನ್ನು ತಪ್ಪಿಸುವುದೇ ಪ್ರಮುಖ ರಕ್ಷಣಾ ಕ್ರಮವಾಗಿದೆ.

* ನಸುಕು, ಮುಸ್ಸಂಜೆ ಮತ್ತು ರಾತ್ರಿ ಹೊತ್ತು ಗುಡ್ಡದ ಬದಿಯಲ್ಲಿ ಒಬ್ಬರೇ ಹೋಗದಿರುವುದು.
* ಮಾತನಾಡುತ್ತಾ, ಕೋಲಿಗೆ ಗೆಜ್ಜೆ ಅಥವಾ ಗಂಟೆ ಕಟ್ಟಿಕೊಂಡು, ಇಲ್ಲವೆ ಡಬ್ಬಿ ಬಡಿಯುತ್ತಾ ಸಾಗುವುದು. ಸದ್ದು ಕೇಳಿದ ಕರಡಿಗೆ ಸರಿದುಹೋಗಲು ಅವಕಾಶ ಸಿಗುತ್ತದೆ.
* ಪ್ರಖರವಾದ ಬ್ಯಾಟರಿ ದೀಪ ಒಯ್ಯುವುದು.
* ಬಂಡೆಯ ಸಂದು, ಗವಿ ಮತ್ತು ದಟ್ಟ ಪೊದೆಗಳ ಹತ್ತಿರ ಹೋಗದಿರುವುದು. ಹೊಸದಾಗಿ ಅಗೆದ ಹುತ್ತ ಅಥವಾ ಹಣ್ಣಿನ ಬೀಜಗಳಿರುವ ಮಲ ಕಂಡರೆ ಹಿಂತಿರುಗುವುದು.
* ಮರಿಯನ್ನು ಸಮೀಪಿಸದಿರುವುದು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಯತ್ನಿಸದಿರುವುದು.

ಕರಡಿ ದೂರದಲ್ಲಿ ಕಂಡರೆ ಓಡದೆ, ಅದರ ದಾರಿಗೆ ಅಡ್ಡವಾಗದೆ ನಿಧಾನವಾಗಿ ಹಿಂದೆ ಸರಿಯಬೇಕು. ಕರಡಿ ಮರ ಹತ್ತಬಲ್ಲದಾದ್ದರಿಂದ ಮರ ಏರುವುದು ಭರವಸೆಯ ಉಪಾಯವಲ್ಲ. ದಾಳಿ ಅನಿವಾರ್ಯವಾದಾಗ ಕವುಚಿ ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಬೆರಳುಗಳನ್ನು ಕತ್ತಿನ ಹಿಂದೆ ಹೆಣೆದುಕೊಂಡು, ಕರಡಿ ದೂರ ಹೋಗುವವರೆಗೆ ಅಲುಗಾಡದಿರಬೇಕು ಎಂದು ತಜ್ಞರು ಸಲಹೆ ನೀಡುತ್ತಾರೆ. ಇದರಿಂದ ಕಣ್ಣು, ಮುಖ ಮತ್ತು ಕುತ್ತಿಗೆಗೆ ಆಗುವ ಗಾಯ ತಗ್ಗುತ್ತದೆ.

== ದಾಳಿಯ ನಂತರ ==

ರಕ್ತಸ್ರಾವವಾಗುತ್ತಿರುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು, 108 ಆಂಬುಲೆನ್ಸ್‌ಗೆ ಕರೆ ಮಾಡಿ ಗಾಯಾಳುವನ್ನು ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ರಕ್ತ ನಿಂತ ಗಾಯಗಳನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಗಾಯಕ್ಕೆ ಮಣ್ಣು, ಸುಣ್ಣ ಮುಂತಾದವನ್ನು ಹಚ್ಚಬಾರದು. ಕರಡಿಯೂ ರೇಬೀಸ್ ಹರಡಬಲ್ಲ ಸಸ್ತನಿಯಾದ್ದರಿಂದ ಧನುರ್ವಾಯು ಚುಚ್ಚುಮದ್ದಿನ ಜೊತೆಗೆ ರೇಬೀಸ್ ಲಸಿಕೆಯ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಬೇಕು.

ಘಟನೆಯನ್ನು ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ವನ್ಯಪ್ರಾಣಿ ದಾಳಿಯಿಂದಾದ ಸಾವು, ಅಂಗವಿಕಲತೆ, ಗಾಯ ಮತ್ತು ಬೆಳೆ ಹಾನಿಗೆ ರಾಜ್ಯ ಸರ್ಕಾರವು ಪರಿಹಾರಧನ ನೀಡುತ್ತದೆ. ವೈದ್ಯಕೀಯ ದಾಖಲೆಗಳು ಮತ್ತು ಸ್ಥಳ ಮಹಜರು ಇದಕ್ಕೆ ಆಧಾರವಾಗುತ್ತವೆ. ಆತ್ಮರಕ್ಷಣೆಯಲ್ಲಿ ಕರಡಿ ಸತ್ತಿದ್ದರೆ ಕಳೇಬರವನ್ನು ಮುಟ್ಟದೆ, ಸ್ಥಳದಿಂದ ಕದಲಿಸದೆ ಇಲಾಖೆಗೆ ತಿಳಿಸುವುದು ಅಗತ್ಯ. ಅದರ ಉಗುರು, ಕೂದಲು ಅಥವಾ ಪಿತ್ತಕೋಶವನ್ನು ತೆಗೆದಿಟ್ಟುಕೊಂಡರೆ ಅದೇ ಪ್ರತ್ಯೇಕ ಅಪರಾಧವಾಗುತ್ತದೆ.

== ಇವನ್ನೂ ನೋಡಿ ==

* ಕರಡಿ
* ದರೋಜಿ ಕರಡಿಧಾಮ
* ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972
* ಮಾನವ–ವನ್ಯಜೀವಿ ಸಂಘರ್ಷ
* ಲಿಂಗಸುಗೂರು