ಕುದುರೆ ಏರಿ ಹೋದವರು, ಮನೆಯಲ್ಲಿ ಉಳಿದವರು
(ಮೈಸೂರು ಲ್ಯಾನ್ಸರ್ಸ್ ಸಿಪಾಯಿಗಳ ಬದುಕಿನ ಕಡೆಗೊಂದು ನೋಟ)

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಹಾಲಿನ ಲೆಕ್ಕ, ಸಾಲದ ಲೆಕ್ಕ, ಷೇರಿನ ಲೆಕ್ಕ ಬೇರೆ ಪುಟಗಳಲ್ಲಿವೆ. ಈ ಪುಟಗಳಲ್ಲಿ ನಮ್ಮ ಉತ್ತರ ದಿಕ್ಕಿನ ಸೀಮೆಯ ಹಳೆಯ ಸಿಪಾಯಿಗಳ ಕಥೆ ಹೇಳೋಣ ಅಂತ ಹೊರಟಿದ್ದೇವೆ. ಯಲಹಂಕದ ಕಡೆಯಿಂದ ಪೇಟೆಗೆ ಹೋಗುವ ನಾವೆಲ್ಲ ಹೆಬ್ಬಾಳ ದಾಟಿ ಮೇಖ್ರಿ ವೃತ್ತದ ಮೇಲೆ ಹಾದುಹೋಗುವವರೇ. ಅಲ್ಲಿಗೆ ಹತ್ತಿರದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕ ಸ್ತಂಭ ನಿಂತಿದೆ. ಅದು ಯಾರ ನೆನಪಿಗೆ ನಿಲ್ಲಿಸಿದ್ದು ಅಂತ ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸುಮ್ಮನಾಗ್ತಾರೆ.

ಸಿಪಾಯಿ ಎಂದ ಕೂಡಲೇ ನಮಗೆ ನೆನಪಾಗುವುದು ಆತ ಸತ್ತ ದಿನ, ಇಲ್ಲವೇ ಗೆದ್ದ ದಿನ. ಆದರೆ ಸಿಪಾಯಿತನ ಒಂದು ದಿನದ್ದಲ್ಲ, ಇಪ್ಪತ್ತು ಮೂವತ್ತು ವರ್ಷದ ಕಸುಬು. ಆ ಕಸುಬಿನ ಜೊತೆಗೆ ಮನೆಯೂ ಇತ್ತು, ಮನೆದೇವರೂ ಇತ್ತು. ಯುದ್ಧದ ಕಥೆ ಬರೆದವರು ಈ ಎರಡನ್ನೂ ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದಾರೆ.

ನಮ್ಮ ಹಿರಿಯರು ಹಾಗೆ ಬಿಟ್ಟವರಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಿಟ್ಟಯ್ಯನೆಂಬ ವೀರ ಹೋರಾಡಿ ಮಡಿದು ಇಂದ್ರಲೋಕ ಸೇರಿದನೆಂದು ಅದರಲ್ಲಿ ಕೆತ್ತಿದ್ದಾರೆ. ಕರ್ನಾಟಕದ ಎಷ್ಟೋ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ಹೀಗೆ ಮೂರು ಅಂಕಣ ಇರುತ್ತವೆ. ಸತ್ತವನ ಮನೆಯವರಿಗೆ ಭೂಮಿ ಬಿಡುವ ರೂಢಿಯೂ ಇತ್ತು. ಅದಕ್ಕೆ ‘ನೆತ್ತರುಕೊಡಗೆ’ ಎಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ಇವತ್ತಿನ ಕುಟುಂಬ ಪಿಂಚಣಿಯ ಮುತ್ತಜ್ಜಿ ಅದು ಎಂದರೆ ತಪ್ಪಾಗಲಾರದು.

ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಾಟಿ ಲ್ಯಾನ್ಸರ್ಸ್ ಕಾಲಕ್ಕೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಮೈಸೂರಿನ ಅಶ್ವದಳ ಹೊಸದಾಗಿ ನಿಂತಿತು. ಅದು ಸಿಲ್ಲೇದಾರರ ದಳ. ಸಿಲ್ಲೇದಾರ ಎಂದರೆ ತನ್ನದೇ ಕುದುರೆ, ತನ್ನದೇ ಜೀನು, ಕತ್ತಿಯೊಡನೆ ಬಂದು ಚಾಕರಿಗೆ ಸೇರುವವನು. ಇನ್ನೊಬ್ಬರ ಕುದುರೆ ಏರುವವನು ಬಾರ್ಗೀರ್. ರೈತನಿಗೆ ಜೋಡಿ ಎತ್ತು ಹೇಗೋ ಸಿಲ್ಲೇದಾರನಿಗೆ ಕುದುರೆ ಹಾಗೆ. ಅದು ಸತ್ತರೆ ಸಂಬಳಕ್ಕೆ ಕುತ್ತು, ಮನೆ ಸಾಲಕ್ಕೆ ಬೀಳುತ್ತಿತ್ತು. ಬ್ರಿಟಿಷ್ ಭಾರತದ ಸಿಲ್ಲೇದಾರ್ ದಳಗಳಲ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಪ್ರತಿ ಸವಾರನೂ ತಿಂಗಳಿಗಿಷ್ಟು ಅಂತ ‘ಚಂದಾ’ ನಿಧಿಗೆ ಹಾಕುವುದು, ಯಾರ ಕುದುರೆ ಸತ್ತರೂ ಆ ನಿಧಿಯಿಂದ ಇನ್ನೊಂದು ಕುದುರೆಗೆ ನೆರವು ಪಡೆಯುವುದು. ಸಹಕಾರ ಸಂಘದ ಕಾಯಿದೆ ಬರುವ ಮೊದಲೇ ಕುದುರೆ ಲಾಯದಲ್ಲಿ ಸಹಕಾರ ನಡೆದಿತ್ತು ನೋಡಿ!

ಮುಂದೆ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಮ್ರಾಜ್ಯದ ಸೇವೆಗೆ ಪಡೆ ಸಜ್ಜುಮಾಡಿ ಇಟ್ಟುಕೊಳ್ಳಬೇಕೆಂಬ ಏರ್ಪಾಡು ಬಂತು. ಆಗ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ರೂಪುಗೊಂಡಿತು. ಲ್ಯಾನ್ಸ್ ಎಂದರೆ ಭರ್ಜಿ. ದಳದ ನೆಲೆ ಬೆಂಗಳೂರು. 1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಅಕ್ಟೋಬರಿನಲ್ಲಿ ನಾನೂರಕ್ಕೂ ಹೆಚ್ಚು ಸವಾರರು, ಐನೂರಕ್ಕೂ ಮೇಲ್ಪಟ್ಟು ಕುದುರೆಗಳೊಡನೆ ದಳ ಬೆಂಗಳೂರು ಬಿಟ್ಟು, ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯುವುದು ಮೊದಲ ಕೆಲಸ.

ಅವರು ಏನು ಹೊತ್ತುಕೊಂಡು ಹೋದರೋ ಊಹಿಸಿ. ಕಡಲು ದಾಟಿದರೆ ಜಾತಿ ಕೆಡುತ್ತದೆ ಅನ್ನುವ ಮಾತು ಹಿಂದೂ ಮನೆಗಳಲ್ಲಿ ಇನ್ನೂ ಬಲವಾಗಿದ್ದ ಕಾಲ ಅದು. ಮುಸಲ್ಮಾನ ಸವಾರನ ಇಕ್ಕಟ್ಟು ಇನ್ನೂ ದೊಡ್ಡದು. ಎದುರಾಳಿ ತುರ್ಕಿಯ ಸುಲ್ತಾನ ಅವನ ಪಾಲಿಗೆ ಖಲೀಫ. 1914ರ ನವೆಂಬರಿನಲ್ಲಿ ತುರ್ಕಿ ಕಡೆಯವರು ಇದು ಧರ್ಮಯುದ್ಧವೆಂದು ಸಾರಿ, ಎಲ್ಲ ಮುಸಲ್ಮಾನರೂ ತಮ್ಮ ಕಡೆ ನಿಲ್ಲಬೇಕೆಂದು ಕರೆ ಕೊಟ್ಟರು. ಉಂಡ ಉಪ್ಪು ಒಂದು ಕಡೆ, ಖಲೀಫನ ಕರೆ ಇನ್ನೊಂದು ಕಡೆ. ಆದರೂ ದಳ ನಾಲ್ಕು ವರ್ಷ ಒಂದಾಗಿಯೇ ಉಳಿದು ಹೋರಾಡಿತು. ಒಬ್ಬ ಸಿಪಾಯಿ ತನ್ನ ನಮಾಜನ್ನೂ ತನ್ನ ಕೆಲಸವನ್ನೂ ಒಟ್ಟಿಗೆ ಹೇಗೆ ನಿಭಾಯಿಸಿದ ಎನ್ನುವುದು, ಎಷ್ಟು ಫಿರಂಗಿ ಹಿಡಿದ ಎನ್ನುವುದಕ್ಕಿಂತ ದೊಡ್ಡ ಮಾತು ಅಂತ ನಮಗೆ ಅನ್ನಿಸುತ್ತದೆ.

ಫಿರಂಗಿಯ ಲೆಕ್ಕವನ್ನೂ ಹೇಳಿಬಿಡೋಣ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮಷೀನ್ ಗನ್ನು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದ ಲ್ಯಾನ್ಸರ್ಸ್ ನದಿ ದಾಟಲು ನೋಡಿದಾಗ ಕುದುರೆಗಳು ಕೆಸರಿನಲ್ಲಿ ಹೂತವು. ಅವರು ದಿಕ್ಕು ತಿರುಗಿಸಿ ಎದುರಿನಿಂದಲೇ ನುಗ್ಗಿದರು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದರು. ಸಂಜೆಯೊಳಗೆ ಊರು ಕೈಸೇರಿತು. ಸೆರೆ ಸಿಕ್ಕವರು 1,350 ಮಂದಿ, ವಶವಾದ ಫಿರಂಗಿ 17, ಮಷೀನ್ ಗನ್ 11. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಭರ್ಜಿ ಹಿಡಿದ ಸವಾರರು ಮಷೀನ್ ಗನ್ನಿಗೆ ಎದುರಾಗಿ ಒಂದು ಊರನ್ನೇ ಗೆದ್ದರು ಅಂದರೆ ಇವತ್ತಿಗೂ ನಂಬುವುದು ಕಷ್ಟ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. ಉಳಿದಿಬ್ಬರು ಜೋಧಪುರ, ಹೈದರಾಬಾದ್ ದಳದವರು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ಆದರೆ ಅದೇ ಹೊತ್ತಿನಲ್ಲಿ ಇತ್ತ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಇನ್‌ಫ್ಲುಯೆನ್ಜಾ ಮಾರಿ ಊರು ಹೊಕ್ಕಿತ್ತು. 1918ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಪೇಟೆ, ದಂಡು, ಹಳ್ಳಿ ಎನ್ನದೆ ಮನೆಮನೆಯಲ್ಲಿ ಜನ ಮಲಗಿದರು. ಇಪ್ಪತ್ತು, ಮೂವತ್ತರ ಪ್ರಾಯದವರನ್ನೇ ಆ ಜ್ವರ ಹೆಚ್ಚಾಗಿ ತೆಗೆದುಕೊಂಡು ಹೋಯಿತು. ಗಂಡ ಹೈಫಾದಲ್ಲಿ ಗುಂಡಿಗೆ ಎದೆಯೊಡ್ಡಿ ಬದುಕಿಕೊಂಡ, ಹೆಂಡತಿ ಇಲ್ಲಿ ಮೂರು ದಿನದ ಜ್ವರಕ್ಕೆ ಹೋದಳು ಅನ್ನುವಂಥ ಮನೆಗಳು ಎಷ್ಟಿದ್ದವೋ ಯಾವ ದಫ್ತರದಲ್ಲೂ ಎಣಿಸಿಟ್ಟಿಲ್ಲ. ಯುದ್ಧ ಮುಗಿದದ್ದೇ ದಳ ಹಿಂದಿರುಗಿತು ಅಂತಲೂ ಅಲ್ಲ, ಮರುವರ್ಷವೂ ಅಲ್ಲೇ ಕಾವಲಿತ್ತು. ಓದು ಬರಹ ಬಲ್ಲವರು ಕಡಿಮೆ. ಕಾಗದ ಬಂದರೆ ಇನ್ನೊಬ್ಬರಿಂದ ಓದಿಸಬೇಕು. ಕೆಟ್ಟ ಸುದ್ದಿ ವಾರಗಟ್ಟಲೆ ತಡವಾಗಿ ಮರುಭೂಮಿಗೆ ಮುಟ್ಟಬೇಕು.

ದೊಡ್ಡವರ ಮನೆಯನ್ನೂ ರೋಗ ಬಿಡಲಿಲ್ಲ. ಮೈಸೂರು ಸಂಸ್ಥಾನದ ಸೇನೆಗಳ ಮುಖ್ಯ ಕಮಾಂಡೆಂಟರಾಗಿದ್ದವರು ಕರ್ನಲ್ ದೇಸರಾಜ ಅರಸರು. ಜೀವಮಾನವಿಡೀ ಸೈನ್ಯದ ಸೇವೆಯಲ್ಲೇ ಕಳೆದವರು, ಮಹಾರಾಜರ ಭಾವಮೈದುನ. ಅವರ ಪತ್ನಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ನಾಲ್ವಡಿಯವರ ಒಡಹುಟ್ಟಿದವರು. ಆ ತಾಯಿಯೂ ಅವರ ಹೆಣ್ಣುಮಕ್ಕಳೂ ಒಬ್ಬರ ಹಿಂದೊಬ್ಬರು ಕ್ಷಯಕ್ಕೆ ತುತ್ತಾದರು. ಕ್ಷಯಕ್ಕೆ ಸರಿಯಾದ ಔಷಧಿ, ಸ್ಟ್ರೆಪ್ಟೊಮೈಸಿನ್, ಸಿಕ್ಕಿದ್ದು 1943ರಲ್ಲಿ. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ಹರಕೆ, ಇಷ್ಟೇ. ಸಂಸ್ಥಾನದ ಅಷ್ಟೂ ಕುದುರೆ, ಅಷ್ಟೂ ಭರ್ಜಿ ಕೈಕೆಳಗಿದ್ದ ಮನುಷ್ಯನಿಗೆ ತನ್ನ ಮನೆಯೊಳಗಿನ ಶತ್ರುವನ್ನು ತಡೆಯಲಾಗಲಿಲ್ಲ. ಇದನ್ನು ಬರೆಯುವಾಗ ನಮಗೂ ಕೈ ತಡೆಯಿತು. ಆ ರಾಜಕುಮಾರಿಯ ಹೆಸರಿನಲ್ಲಿ ಮಹಾರಾಜರು ಮೈಸೂರಿನಲ್ಲಿ ಕ್ಷಯ ಆಸ್ಪತ್ರೆ ಕಟ್ಟಿಸಿದರು. 1921ರಲ್ಲಿ ಅದು ಶುರುವಾಯಿತು. ಕೆ.ಆರ್.ಎಸ್. ರಸ್ತೆಯಲ್ಲಿರುವ ಪಿ.ಕೆ. ಸ್ಯಾನಟೋರಿಯಂ ಅದೇ. ‘ಪಿ.ಕೆ.’ ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಎಷ್ಟು ಬಡ ರೈತರು ಅಲ್ಲಿ ಮಲಗಿ ಎದ್ದು ಮನೆಗೆ ಬಂದರೋ! ಹೈಫಾ ಒಂದು ದಿನದ ಗೆಲುವು. ಇದು ನೂರು ವರ್ಷ ದಾಟಿ ನಡೆದ ಸೇವೆ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ಪಡೆಗಳು ಭಾರತದ ಸೇನೆಯಲ್ಲಿ ಸೇರಿದವು. 1953ರಲ್ಲಿ ಮೈಸೂರು, ಜೋಧಪುರ, ಗ್ವಾಲಿಯರ್ ಮುಂತಾದ ಸಂಸ್ಥಾನಗಳ ಸವಾರರನ್ನು ಕೂಡಿಸಿ 61ನೇ ಅಶ್ವದಳ ಕಟ್ಟಿದರು. ಅವರು ಈಗಲೂ ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತಾರೆ. ಜೆ.ಸಿ. ನಗರದ ಸ್ತಂಭದ ಬಳಿಯಲ್ಲೂ ಆ ದಿನ ಹೂವಿಟ್ಟು ಗೌರವ ಸಲ್ಲಿಸುವುದುಂಟು. ನಮ್ಮ ಸೀಮೆಯ ಸಿಪಾಯಿಗಳ ಸಾಲು ಅಲ್ಲಿಗೇ ನಿಂತಿಲ್ಲ. ಯಲಹಂಕದ ಒಂದು ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಮಡಿದಾಗ ಅವರಿಗೆ 31 ವರ್ಷ. 2016ರ ಜನವರಿ 3ರಂದು ಪಠಾಣಕೋಟೆಯಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರ ಮನೆಯೂ ಇದೇ ಉತ್ತರ ಭಾಗದಲ್ಲಿ. ಅವರ ಮಗಳಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

ಕೊನೆಗೆ ಸದಸ್ಯರಲ್ಲಿ ಒಂದು ಕೋರಿಕೆ. ಮೊದಲ ಮಹಾಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಬೆಳ್ಳಿಯ ಪದಕ ಕೊಡುತ್ತಿದ್ದರು. ಅದರ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸಿಪಾಯಿಯ ಹೆಸರು, ದಳದ ಹೆಸರು ಒತ್ತಿರುತ್ತದೆ. ಇಂಥ ಪದಕಗಳನ್ನು ಕಷ್ಟಕಾಲದಲ್ಲಿ ಬೆಳ್ಳಿಯ ತೂಕಕ್ಕೆ ಕೊಟ್ಟು ಕರಗಿಸಿದ ಮನೆಗಳುಂಟು. ಅದನ್ನು ತಪ್ಪೆನ್ನಲಾರೆವು, ಹಸಿವಿಗೆ ಪದಕ ಗೊತ್ತಿಲ್ಲ. ಆದರೆ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಅಂಥ ಪದಕವೋ, ಡಿಸ್ಚಾರ್ಜ್ ಕಾಗದವೋ, ಪಟ್ಟಾ ಹಾಕಿದ ಅಜ್ಜನ ಹಳೆಯ ಫೋಟೋವೋ ಉಳಿದಿದ್ದರೆ ಒಮ್ಮೆ ಸಂಘದ ಕಚೇರಿಗೆ ತನ್ನಿ. ಅಂಚಿನ ಅಕ್ಷರ ಓದಿ, ಅಜ್ಜನ ಹೆಸರು, ಅಜ್ಜಿಯ ಹೆಸರು, ಮನೆದೇವರ ಹೆಸರು ಮೂರನ್ನೂ ಪುಸ್ತಕದಲ್ಲಿ ಬರೆದುಕೊಂಡು, ಪದಕವನ್ನು ಅಂದೇ ನಿಮ್ಮ ಕೈಗೆ ವಾಪಸ್ ಕೊಡುತ್ತೇವೆ.