ಕೆಜಿಎಫ್ ಎಂದು ಹುಡುಕಿದರೆ ನಮ್ಮ ಊರು ಸಿಗುತ್ತದೆಯೇ?

ಮೊಬೈಲ್ ತೆಗೆದು ‘ಕೆಜಿಎಫ್’ ಎಂದು ಹುಡುಕಿ ನೋಡಿ. ಮೊದಲು ಬರುವುದು ಸಾಮಾನ್ಯವಾಗಿ ಸಿನಿಮಾ. ಊರು, ಗಣಿ, ಅಲ್ಲಿ ದುಡಿದವರು ಸಿಗಬೇಕಾದರೆ ಇನ್ನೂ ಕೆಳಗೆ ಹೋಗಬೇಕು. 2018ರ ಡಿಸೆಂಬರ್ 21ರಂದು ಸಿನಿಮಾದ ಮೊದಲ ಭಾಗ ತೆರೆಕಂಡಿತು, 2022ರ ಏಪ್ರಿಲ್ 14ರಂದು ಎರಡನೆಯದು. ಅದಕ್ಕೂ ಮೊದಲು ಆ ಮೂರು ಅಕ್ಷರಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇತ್ತು.

ನಮ್ಮ ಭಾಗದಲ್ಲಿ ಊರಿನ ಹೆಸರನ್ನು ಹೊರಗಿನವರು ಇಡುವುದು ಹೊಸದಲ್ಲ.

ಹೆಸರು ಇಟ್ಟವರು ಯಾರು?

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಸರ್ವೆಗೆ ಬಂದಾಗ ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1873ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಗಣಿಗಾರಿಕೆಗೆ ಮೈಸೂರು ಸರ್ಕಾರದ ಅನುಮತಿ ಕೇಳಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆಮೇಲೆ ಜಾಗದ ಹೆಸರು ‘ಕೋಲಾರ್ ಗೋಲ್ಡ್ ಫೀಲ್ಡ್ಸ್’ ಎಂದೇ ನಿಂತಿತು. ಕೋಲಾರ ಪಟ್ಟಣ ಇಲ್ಲಿಂದ ಸುಮಾರು 30 ಕಿಲೋಮೀಟರ್ ದೂರ ಇದೆ, ಆದರೂ ಹೆಸರು ಅದರದ್ದೇ.

ಪಕ್ಕದ ಬಂಗಾರಪೇಟೆಯ ಕಥೆಯೂ ಇಂಥದ್ದೇ. ಅದರ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಹೆಸರು ಅದು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂಗೆ ಗಣಿ ರೈಲು ಶುರುವಾಯಿತು. ಬೌರಿಂಗ್‌ಪೇಟೆ ಹೋಗಿ ಬಂಗಾರಪೇಟೆ ಬಂದರೂ ರೈಲ್ವೆಯ ಕಂಪ್ಯೂಟರ್‌ನಲ್ಲಿ ಈ ಸ್ಟೇಷನ್ನಿನ ಕೋಡ್ ಇವತ್ತಿಗೂ ‘ಬಿಡಬ್ಲ್ಯೂಟಿ’. ಟಿಕೆಟ್ ಮೇಲೆ ಬೌರಿಂಗ್ ಸಾಹೇಬರು ಇನ್ನೂ ಇದ್ದಾರೆ.

ಮಾತಿಗೆ ಬೆಲೆ ಬಂದ ಕಾಲ

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಕ್ಕೆ ನಾಲ್ಕು ತಿಂಗಳ ಮುಂಚೆ, 2000ದ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ಗೂಗಲ್ ‘ಆಡ್‌ವರ್ಡ್ಸ್’ ಎಂಬ ವ್ಯಾಪಾರ ಶುರುಮಾಡಿತ್ತು. ಜನ ಯಾವ ಪದ ಹುಡುಕುತ್ತಾರೋ ಆ ಪದದ ಜೊತೆ ಜಾಹೀರಾತು ತೋರಿಸಿ ದುಡ್ಡು ಪಡೆಯುವುದು ಅದರ ಕೆಲಸ. 1998ರಲ್ಲೇ ‘ಗೋಟು’ ಎಂಬ ಕಂಪನಿ ಹೀಗೆ ಪದಗಳನ್ನು ಹರಾಜು ಹಾಕಿತ್ತು.

ಹರಾಜು ಕೂಗುವವರಿಗೆ ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂಬ ಲೆಕ್ಕ ಬೇಕು. ಕೀವರ್ಡ್ ಟೂಲ್‌ಗಳು ಬೆಳೆದದ್ದು ಆ ಅಗತ್ಯದಿಂದ. 2006ರಲ್ಲಿ ಗೂಗಲ್ ಟ್ರೆಂಡ್ಸ್ ಬಂತು, 2013ರಲ್ಲಿ ಕೀವರ್ಡ್ ಪ್ಲಾನರ್. ಪ್ಲಾನರ್‌ನಲ್ಲಿ ಒಂದು ಪದ ಹಾಕಿದರೆ ಅದಕ್ಕೆ ಹತ್ತಿರದ ಪದಗಳನ್ನೂ ತಿಂಗಳಿಗೆ ಸರಾಸರಿ ಎಷ್ಟು ಹುಡುಕಾಟ ಎಂಬುದನ್ನೂ ತೋರಿಸುತ್ತದೆ. ಅದರಲ್ಲಿ ಕಾಣುವ ‘ಪೈಪೋಟಿ’ ಜಾಹೀರಾತು ಕೊಡುವವರ ನಡುವಿನದು. ನಿಮ್ಮ ಬರಹ ಮೇಲೆ ಬರುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಟ್ರೆಂಡ್ಸ್ ತೋರಿಸುವುದು ಎಣಿಕೆಯನ್ನಲ್ಲ, ಹೋಲಿಕೆಯನ್ನು. ಅತಿ ಹೆಚ್ಚು ಹುಡುಕಿದ ಹೊತ್ತಿಗೆ 100, ಉಳಿದದ್ದಕ್ಕೆ ಅದರ ಲೆಕ್ಕದಲ್ಲಿ ಅಂಕಿ. ಅಲ್ಲಿ ‘ಕೆಜಿಎಫ್’ ಹಾಕಿದರೆ ಸಿನಿಮಾ ಬಂದ ತಿಂಗಳುಗಳಲ್ಲಿ ಗೆರೆ ಗೋಪುರದ ಹಾಗೆ ಏಳುತ್ತದೆ.

ಮೊದಮೊದಲು ಕೆಲವರು ಪುಟದ ಹಿಂದೆ ಓದುಗರಿಗೆ ಕಾಣದ ಜಾಗದಲ್ಲಿ ಬೇಕಾದ ಪದಗಳನ್ನೆಲ್ಲ ತುಂಬಿಸಿ ಮೇಲೆ ಬರಲು ನೋಡುತ್ತಿದ್ದರು. ಆ ಜಾಗದ ಪದಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು 2009ರಲ್ಲಿ ಗೂಗಲ್ಲೇ ಹೇಳಿತು. ಈಗ ಓದುಗರಿಗೆ ಕಾಣುವಂತೆ ಬರೆದದ್ದೇ ಮುಖ್ಯ.

ಊರಿನವರು ಏನು ಮಾಡಬಹುದು?

ಬರೀ ಮೂರು ಅಕ್ಷರ ಹಿಡಿದು ಸಿನಿಮಾದ ಎದುರು ಗೆಲ್ಲುವುದು ಆಗದ ಮಾತು. ಆದರೆ ಜನ ಉದ್ದದ ಪ್ರಶ್ನೆಗಳನ್ನೂ ಕೇಳುತ್ತಾರೆ: ‘ಕೆಜಿಎಫ್ ಗಣಿ ಯಾಕೆ ಮುಚ್ಚಿತು’, ‘ಬಂಗಾರಪೇಟೆ ಮಾರಿಕುಪ್ಪಂ ರೈಲು ಸಮಯ’. ಇಂಥ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಅವರಿಗೆ ಬೇಕಾಗಿರುವುದು ನಿಮ್ಮ ಹತ್ತಿರ ಇರುವ ಉತ್ತರವೇ. ಆ ಪ್ರಶ್ನೆ ತಲೆಬರಹದಲ್ಲಿ ಇರಲಿ, ಉತ್ತರ ಮೊದಲ ಪ್ಯಾರಾದಲ್ಲೇ ಬರಲಿ.

ಹೆಸರುಗಳನ್ನೂ ಬಿಡಬೇಡಿ. ಒಬ್ಬರು ‘ಕೋಲಾರ ಚಿನ್ನದ ಗಣಿ’ ಎನ್ನುತ್ತಾರೆ, ಇನ್ನೊಬ್ಬರು ‘ರಾಬರ್ಟ್‌ಸನ್‌ಪೇಟೆ’, ಗಣಿಯಲ್ಲಿ ದುಡಿದ ಮನೆಯವರು ‘ಬಿಜಿಎಂಎಲ್’. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರೂ ಇದ್ದಾರೆ, ತಮಿಳು, ತೆಲುಗಿನಲ್ಲಿ ಹುಡುಕುವವರೂ ಇದ್ದಾರೆ. ಅಂಗಡಿಯವರು ಇದನ್ನು ಎಂದೋ ಕಲಿತಿದ್ದಾರೆ. ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿಯನ್ನು ಬೆಂಗಳೂರಿನಲ್ಲಿ ಮಾರುವವರು ಬೋರ್ಡಿನ ಮೇಲೆ ‘ಬಂಗಾರಪೇಟೆ ಚಾಟ್ಸ್’ ಎಂದು ಬರೆಸುತ್ತಾರೆ. ಗಿರಾಕಿಯ ಬಾಯಲ್ಲಿ ಇರುವ ಹೆಸರು ಅದು.

ಯಾರೂ ಕೇಳದ ಪ್ರಶ್ನೆ

ಇಷ್ಟಾದರೂ ಟೂಲ್ ತೋರಿಸುವುದು ಜನ ಈಗಾಗಲೇ ಕೇಳಿರುವುದನ್ನು ಮಾತ್ರ. 1930ರಲ್ಲಿ ಗಣಿ ಕಾರ್ಮಿಕರು, ತಮ್ಮ ಬೆರಳಚ್ಚು ತೆಗೆದು ದಾಖಲಿಸುವ ನಿಯಮವನ್ನು ವಿರೋಧಿಸಿ ಮೂರು ವಾರ ಕೆಲಸ ನಿಲ್ಲಿಸಿದರು. ಇದನ್ನು ಹುಡುಕುವವರು ಎಷ್ಟು ಮಂದಿ ಇದ್ದಾರು? ಗೊತ್ತಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ಹುಡುಕುವವರಿಲ್ಲ ಎಂದು ಬರೆಯುವವರೂ ಬಿಟ್ಟರೆ ಆ ಸಂಗತಿ ಅಲ್ಲಿಗೇ ಮುಗಿಯಿತು.

ಒಂದು ದಾರಿ ಇದೆ. ಸಿನಿಮಾ ನೋಡಿದವರು ‘ಕೆಜಿಎಫ್ ನಿಜವಾದ ಕಥೆ’ ಎಂದು ಹುಡುಕುತ್ತಾರೆ. ಆ ಮಾತನ್ನೇ ತಲೆಬರಹ ಮಾಡಿ, ಕೇಳಿದ್ದಕ್ಕೆ ಉತ್ತರ ಕೊಡಿ. ಸಿನಿಮಾದಲ್ಲಿ 1970ರ ದಶಕದ ಗಣಿ ಒಬ್ಬ ಧಣಿಯ ಕೈಯಲ್ಲಿದೆ, ಆಳುಗಳು ಗುಲಾಮರು. ನಿಜದ ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಅದು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಆಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರಿಗೆ ಯೂನಿಯನ್ ಇತ್ತು. ಇಷ್ಟು ಹೇಳಿದ ಮೇಲೆ 1930ರ ಮುಷ್ಕರವನ್ನೂ ಹೇಳಿ. ಸಿನಿಮಾ ಹುಡುಕಿಕೊಂಡು ಬಂದವರು ಅದನ್ನೂ ಓದಿಕೊಂಡು ಹೋಗುತ್ತಾರೆ.

ನಿಮ್ಮ ಮನೆಯಲ್ಲಿ ಗಣಿಗೆ ಹೋದ ಹಿರಿಯರಿದ್ದರೆ ಅವರು ಹೇಳುವುದನ್ನು ಬರೆದಿಡಿ. ಗಣಿಯ ಹೆಸರು, ಶಾಫ್ಟಿನ ಹೆಸರು, ಅವರಿದ್ದ ಲೈನ್ ಮನೆಯ ಹೆಸರು, ಎಲ್ಲವೂ ಅವರು ಅನ್ನುವ ಹಾಗೆಯೇ ಇರಲಿ. ಮುಂದೆ ಆ ಮನೆಯ ಮೊಮ್ಮಕ್ಕಳು ಹುಡುಕುವುದು ಅದೇ ಮಾತುಗಳನ್ನು.