ಹತ್ತಿರದ ಮೀಟಿಂಗ್ ಎಲ್ಲಿದೆ? 1935ರ ಕೆಲವು ಫೋನ್ ಕರೆಗಳ ಕಥೆ

ಕೆಲಸಕ್ಕೆ ಅಂತ ಪರ ಊರಿಗೆ ಹೋದ ಮನುಷ್ಯ. ಹೋದ ಕೆಲಸ ಕೆಟ್ಟಿದೆ, ಜೇಬಲ್ಲಿ ದುಡ್ಡು ಕಮ್ಮಿ, ವೀಕೆಂಡ್ ಬೇರೆ. ಪರಿಚಯದವರು ಒಬ್ಬರೂ ಇಲ್ಲ. ಹೋಟೆಲಿನ ಬಾರ್‌ನಿಂದ ನಗು ಕೇಳಿಸ್ತಿದೆ. ಇದು ಹಿಂಜವಡಿಯ ಕಥೆಯೂ ಆಗಬಹುದು, ಗಚ್ಚಿಬೌಲಿಯದ್ದೂ ಆಗಬಹುದು. ಆದರೆ ನಾನು ಹೇಳ್ತಿರೋದು 1935ರ ಮೇ ತಿಂಗಳ ಮಾತು. ಊರು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್, ಹೋಟೆಲ್ ಮೇಫ್ಲವರ್, ಮನುಷ್ಯ ನ್ಯೂಯಾರ್ಕಿನ ಷೇರುಪೇಟೆಯ ಬಿಲ್ ವಿಲ್ಸನ್.

ವಿಲ್ಸನ್ ಕುಡಿತ ಬಿಟ್ಟು ಆಗ ಐದು ತಿಂಗಳಷ್ಟೇ ಆಗಿತ್ತು. ಆ ಐದು ತಿಂಗಳಲ್ಲಿ ನ್ಯೂಯಾರ್ಕಿನ ಎಷ್ಟೋ ಕುಡುಕರ ಹಿಂದೆ ಬಿದ್ದು ಮಾತಾಡಿದ್ದ. ಒಬ್ಬನೂ ಬಿಟ್ಟಿರಲಿಲ್ಲ. ಆದರೆ ಅವರ ಜೊತೆ ಮಾತಾಡ್ತಾ ಮಾತಾಡ್ತಾ ತಾನು ಮಾತ್ರ ಕುಡಿಯದೆ ಉಳಿದಿದ್ದೇನೆ ಅನ್ನೋದು ಅವನಿಗೆ ಹೊಳೆದಿತ್ತು. ಹಾಗಾಗಿ ಆ ಶನಿವಾರ ಬಾರ್ ಕರೆದಾಗ ಅವನು ಹುಡುಕಿದ್ದು ಡಾಕ್ಟರನ್ನಲ್ಲ, ಇನ್ನೊಬ್ಬ ಕುಡುಕನನ್ನ!

ಹುಡುಕೋದು ಹೇಗೆ? ಹೋಟೆಲಿನಲ್ಲಿ ಊರಿನ ಚರ್ಚುಗಳ ಪಟ್ಟಿ ಇತ್ತು. ಅದರಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿದ. ಪಾದ್ರಿ ಕೆಲವು ಹೆಸರು ಕೊಟ್ಟರು. ಒಂದೊಂದಕ್ಕೇ ಫೋನ್ ಮಾಡುತ್ತಾ ಹೋಗಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಹೆಂಗಸು ಸಿಕ್ಕರು. ಆಕೆಗೆ ಕುಡಿತದಿಂದ ಹಾಳಾಗುತ್ತಿದ್ದ ಒಬ್ಬ ಸರ್ಜನ್ ಗೊತ್ತಿತ್ತು, ಡಾಕ್ಟರ್ ಬಾಬ್ ಸ್ಮಿತ್. ಮರುದಿನ, ಮೇ 12ರ ಸಂಜೆ, ಆಕೆಯ ಮನೆಯಲ್ಲಿ ಇಬ್ಬರ ಭೇಟಿ. ಹದಿನೈದು ನಿಮಿಷ ಮಾತ್ರ ಅಂತ ಹೇಳಿ ಬಂದ ಡಾಕ್ಟರ್ ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಾಬ್‌ಗೆ ಬುದ್ಧಿ ಹೇಳುವವರು ಮೊದಲೂ ಇದ್ದರು. ತಾನೂ ಹೀಗೇ ಬಿದ್ದಿದ್ದೆ ಅಂತ ಹೇಳುವವನು ಸಿಕ್ಕಿದ್ದು ಅವತ್ತು. ಆಮೇಲೆ ಅವರು ಒಮ್ಮೆ ಮತ್ತೆ ಜಾರಿದರು. ಅವರು ಕೊನೆಯ ಸಲ ಕುಡಿದ ದಿನವೆಂದು ಹೇಳುವ 1935ರ ಜೂನ್ 10 ಅನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ ದಿನ ಅಂತ ಲೆಕ್ಕ ಇಡ್ತಾರೆ.

ಅಮೆರಿಕ 1920ರಿಂದ 1933ರವರೆಗೆ ದೇಶಕ್ಕೇ ಪಾನನಿಷೇಧ ಹಾಕಿ, ಸೋತು, ತೆಗೆದಿತ್ತು. ಕಾನೂನಿಗೆ ಆಗದ ಕೆಲಸವನ್ನು ಇಬ್ಬರು ಕುಡುಕರು ಎದುರುಬದುರು ಕೂತು ಶುರು ಮಾಡಿದರು.

ಇದು ಊರಿಂದೂರಿಗೆ ಹೋದ ಬಗೆ ನಮ್ಮಂಥವರಿಗೆ ಹತ್ತಿರದ್ದು. 1939ರಲ್ಲಿ ಅವರ ಪುಸ್ತಕ ಬಂತು. 1941ರ ಮಾರ್ಚಿನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಸುಮಾರು 2,000 ಇದ್ದ ಸದಸ್ಯರು ಆ ವರ್ಷದ ಕೊನೆಗೆ ಸುಮಾರು 8,000 ಆದರು. ನ್ಯೂಯಾರ್ಕ್ ಕಚೇರಿಗೆ ಎಲ್ಲೆಲ್ಲಿಂದಲೋ ಕಾಗದ ಬರೋವು. ಆ ಹೆಸರುಗಳನ್ನ ಊರೂರು ತಿರುಗುವ ಸೇಲ್ಸ್‌ಮನ್ ಸದಸ್ಯರ ಕೈಗೆ ಕೊಡ್ತಿದ್ದರು. ಅವರು ಹೋಗಿ ಬಾಗಿಲು ತಟ್ಟೋರು. ಹೊಟ್ಟೆಪಾಡಿಗೆ ಊರು ಬಿಟ್ಟವರೇ ಮೀಟಿಂಗನ್ನು ಹೊಸ ಊರುಗಳಿಗೆ ಹೊತ್ತೊಯ್ದರು.

ಭಾರತದಲ್ಲಿ ಎಎ 1957ರಲ್ಲಿ ದಿಲ್ಲಿಯಲ್ಲಿ ಶುರುವಾಯಿತು. ಚಿಕಿತ್ಸೆಯ ದಾರಿಯೂ ಬೆಳೆಯಿತು. ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಟಿಟಿಕೆ ಆಸ್ಪತ್ರೆಯ ಕೆಲಸ ಶುರು ಮಾಡಿದರು. 1986ರಲ್ಲಿ ಪುಣೆಯಲ್ಲಿ ಅನಿತಾ ಮತ್ತು ಅನಿಲ್ ಅವಚಟ್ ದಂಪತಿಯ ಮುಕ್ತಾಂಗಣ ಬಂತು. ನಮ್ಮ ಕಡೆ ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇದೆ. ಅಲ್ಲೂ ತಿಳಿದ ಸತ್ಯ ಅದೇ. ಬಿಡೋದು ಒಂದು ಕೆಲಸ, ಬಿಟ್ಟ ಮೇಲೆ ಉಳಿಯೋಕೆ ಜೊತೆ ಬೇಕು.

ಊರಲ್ಲಿದ್ದರೆ ಮುಖ ನೋಡಿ ಅಮ್ಮನಿಗೆ ಗೊತ್ತಾಗ್ತಿತ್ತು. ಇಲ್ಲಿ ಫ್ಲಾಟಿನ ಬಾಗಿಲು ಹಾಕಿದರೆ ಮುಗೀತು, ಸೋಮವಾರ ಲಾಗಿನ್ ಆದರೆ ಸಾಕು. ಹಾಗಾಗಿ ಕೆಲವು ವಿಷಯ ನೇರವಾಗಿ ಹೇಳ್ತೀನಿ. ಎಎ ಸೇರೋಕೆ ಫೀಸಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಪೂರ್ತಿ ಹೆಸರು ಹೇಳಬೇಕಿಲ್ಲ. ಎಷ್ಟೋ ಮೀಟಿಂಗ್‌ಗಳು ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ. ಅದು ಸೇರೋ ಜಾಗ ಅಷ್ಟೇ, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಕ್ಲೋಸ್ಡ್ ಮೀಟಿಂಗ್ ಬಿಡಬೇಕೆನ್ನುವವರಿಗೆ ಮಾತ್ರ. ಮನೆಯವರಿಗೆ 1951ರಿಂದ ಅಲ್-ಅನಾನ್ ಎಂಬ ಬೇರೆ ಬಳಗವಿದೆ. ಮೊದಲ ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ, ಭಾಷೆ ಯಾವುದು ಅಂತಲೂ ಮೊದಲೇ ಕೇಳಿ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರನ್ನು ಕಾಣಿ. ಯಾರ ಜೊತೆ ಮಾತಾಡೋದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಮೀಟಿಂಗ್ ಕೋಣೆಯ ಹೊಸ್ತಿಲಲ್ಲಿ ನಿಂತವನಿಗೆ, ನಾನು ಬೇಡೋಕೆ ಬಂದೆ ಅಂತ ನಾಚಿಕೆ ಆಗುತ್ತೆ. ಇತಿಹಾಸ ಹೇಳೋದು ಬೇರೆ. ಆಕ್ರನ್‌ನಲ್ಲಿ ಫೋನ್ ಮಾಡಿದವನು ಕುಡಿತ ಬಿಟ್ಟವನು. ತಾನು ಉಳಿಯೋಕೆ ಇನ್ನೊಬ್ಬ ಬೇಕು ಅಂತ ಹುಡುಕಿದವನು ಅವನೇ. ಒಳಗೆ ಕೂತವರಿಗೂ ನೀವು ಬೇಕು. ಹೋಗಿ ಕೂತ್ಕೊಳ್ಳಿ.